ನೈಜೀರಿಯಾದ ಡೋರಾ ಅಕುನ್ಯಿಲಿ: ನಕಲಿ ಮಾತ್ರೆ, ಗುಂಡೇಟು, ಮಂತ್ರಿಗಿರಿ

(ಫಾರ್ಮಸಿ ವಿದ್ಯಾರ್ಥಿಗಳು ಮತ್ತು ಮೆಡಿಕಲ್ ಶಾಪ್ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಲ್ಯಾಬಿನಲ್ಲಿ ಬೆಳೆದವರು ಸರ್ಕಾರದೊಳಗೆ ಹೋದರೆ ಏನಾಗುತ್ತದೆ ಅನ್ನೋದರ ಬಗ್ಗೆ ಮಾತಾಡಿ ಅಂತ ಹೇಳಿದ್ದೀರಿ. ಹತ್ತು ಜನರ ಹೆಸರು ಹೇಳಿ ಹತ್ತನ್ನೂ ಅರ್ಧಕ್ಕೆ ಬಿಡುವುದಕ್ಕಿಂತ ಒಬ್ಬರನ್ನೇ ಹಿಡಿದು ಮಾತಾಡೋಣ. ಡೋರಾ ಅಕುನ್ಯಿಲಿ. ಔಷಧ ವಿಜ್ಞಾನದ ಪ್ರೊಫೆಸರ್. ನೈಜೀರಿಯಾದ ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥೆ. ಆಮೇಲೆ ಮಂತ್ರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಂತ್ರಿಯಾಗಿ ಅವರು ಅಷ್ಟಕ್ಕಷ್ಟೆ. ಅದಕ್ಕೆ ಮುಂಚಿನ ಏಳೂವರೆ ವರ್ಷ ಮಾತ್ರ ಬೇರೆಯದೇ ಕತೆ. ಆದರೆ ಮಂತ್ರಿಯಾಗಿದ್ದಾಗಲೂ ಒಂದು ಬುಧವಾರ ಅವರು ಒಂದು ಕೆಲಸ ಮಾಡಿದರು. ಅದನ್ನು ಮಾಡುವ ಧೈರ್ಯ ಆ ಸಂಪುಟದಲ್ಲಿ ಬೇರೆ ಯಾರಿಗೂ ಬರಲಿಲ್ಲ. ಅಲ್ಲಿಗೆ ಆಮೇಲೆ ಬರೋಣ.

ಡೋರಾ ಹುಟ್ಟಿದ್ದು 1954ರ ಜುಲೈ 14ರಂದು, ಬೆನ್ಯೂ ರಾಜ್ಯದ ಮಕುರ್ಡಿಯಲ್ಲಿ. ಮನೆತನದ ಊರು ಅನಂಬ್ರಾ ರಾಜ್ಯದ ನಂಕಾ. ಇಗ್ಬೋ ಜನ, ಅಂದರೆ ಆಗ್ನೇಯ ನೈಜೀರಿಯಾದ ಒಂದು ದೊಡ್ಡ ಜನಾಂಗ. ಈ ಇಗ್ಬೋ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಸುಓಫಿಯಾದ ಪ್ರಾಥಮಿಕ ಶಾಲೆ ಮುಗಿಸಿದ್ದು 1966ರಲ್ಲಿ, ಎನ್‌ಸುಕ್ಕಾದ ಹೈಸ್ಕೂಲು ಮುಗಿಸಿದ್ದು 1973ರಲ್ಲಿ. ಎರಡರ ನಡುವೆ ಬಯಾಫ್ರಾ ಯುದ್ಧ, ಅಂದರೆ ಇಗ್ಬೋ ಜನರ ಪ್ರದೇಶ ಬೇರೆ ದೇಶವಾಗಲು ಹೊರಟಾಗ ನಡೆದ ಅಂತರ್ಯುದ್ಧ, ಬಂದು ಹೋಗಿತ್ತು. ಹುಡುಗಿ ಎರಡೂ ಕಡೆ ಒಳ್ಳೆ ಅಂಕ ತೆಗೆದು, ಸ್ಕಾಲರ್‌ಶಿಪ್ ಮೇಲೆಯೇ ಓದಿದರು. 1978ರಲ್ಲಿ ನೈಜೀರಿಯಾ ವಿಶ್ವವಿದ್ಯಾಲಯದಿಂದ ಬಿ.ಫಾರ್ಮ್, 1985ರಲ್ಲಿ ಪಿಎಚ್‌ಡಿ. ಪಿಎಚ್‌ಡಿ ವಿಷಯ ನಾಟಿ ಔಷಧಗಳ ವಿಜ್ಞಾನ, ಅಂದರೆ ಊರ ಜನ ಬಳಸುವ ಗಿಡಮೂಲಿಕೆಯಲ್ಲಿ ನಿಜಕ್ಕೂ ಏನಿದೆ ಅಂತ ಪರೀಕ್ಷಿಸುವುದು. ಆಮೇಲೆ ಲಂಡನ್ನಿನಲ್ಲಿ ಸ್ವಲ್ಪ ಕಾಲ ಸಂಶೋಧನೆ. ವಾಪಸ್ ಬಂದು ಎನುಗುವಿನಲ್ಲಿ ಪಾಠ. ಮದುವೆ, ಆರು ಮಕ್ಕಳು. ಗಂಡ ಚಿಕೆ ಅಕುನ್ಯಿಲಿ ಡಾಕ್ಟರು.

1988ರಲ್ಲಿ ಅವರ ತಂಗಿ ವಿವಿಯನ್ ತೀರಿಕೊಂಡರು. ಇಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆ. ಕೊಟ್ಟ ಇನ್ಸುಲಿನ್ ನಕಲಿ.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಅಕ್ಕ ಔಷಧ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವಳು. ಭಾವ ಡಾಕ್ಟರು. ಊರಲ್ಲಿ ದೊಡ್ಡಾಸ್ಪತ್ರೆ ಇದೆ. ಇಷ್ಟೆಲ್ಲ ಇದ್ದ ಮನೆಯಲ್ಲೇ ನಕಲಿ ಔಷಧದಿಂದ ಸಾವಾಯಿತು ಅಂದರೆ, ಏನೂ ಇಲ್ಲದ ಮನೆಯ ಗತಿ ಏನು? ನಕಲಿ ಇನ್ಸುಲಿನ್ ವಿಷವೇ ಆಗಿರಬೇಕು ಅಂತೇನಿಲ್ಲ. ಬರೀ ನೀರಿದ್ದರೂ ಸಾಕು. ಔಷಧ ಕೊಟ್ಟಿದ್ದೇವೆ ಅಂತ ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ, ಒಳಗೆ ರಕ್ತದಲ್ಲಿ ಸಕ್ಕರೆ ಏರುತ್ತಲೇ ಇರುತ್ತದೆ.

ಆ ಕಾಲದ ನೈಜೀರಿಯಾದಲ್ಲಿ ಇದು ಒಂದು ಮನೆಯ ದುಃಖವಾಗಿರಲಿಲ್ಲ. 1990ರಲ್ಲಿ ಇಬಾದಾನ್ ಮತ್ತು ಜೋಸ್ ನಗರಗಳಲ್ಲಿ ಪ್ಯಾರಸಿಟಮಾಲ್ ಸಿರಪ್ ಕುಡಿದ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಇಲ್ಲಿ ವಿದ್ಯಾರ್ಥಿಗಳು ಇದ್ದೀರಿ, ಹಾಗಾಗಿ ಸ್ವಲ್ಪ ಕೆಮಿಸ್ಟ್ರಿ ಮಾತಾಡಿಬಿಡೋಣ. ಪ್ಯಾರಸಿಟಮಾಲ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಒಂದು ಲೀಟರ್ ತಣ್ಣೀರಿಗೆ ಹದಿನಾಲ್ಕು ಗ್ರಾಮಿನ ಆಸುಪಾಸು, ಅಷ್ಟೇ. ಆದರೆ 5 ಮಿ.ಲೀ.ಗೆ 120 ಮಿ.ಗ್ರಾಂ ಇರುವ ಮಕ್ಕಳ ಸಿರಪ್ ಅಂದರೆ ಲೀಟರಿಗೆ 24 ಗ್ರಾಂ ಕರಗಬೇಕು. ಮಿಕ್ಕಿದ್ದನ್ನು ಕರಗಿಸಲು ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಹಾಕುತ್ತಾರೆ. ಅದು ಬಣ್ಣವಿಲ್ಲದ, ಮಂದವಾದ, ಸಿಹಿ ದ್ರವ. ಅದೇ ಥರ ಕಾಣುವ, ಅದೇ ಥರ ಸಿಹಿಯಾಗಿರುವ ಇನ್ನೊಂದು ಇದೆ, ಡೈಎಥಿಲೀನ್ ಗ್ಲೈಕಾಲ್. ಬ್ರೇಕ್ ಆಯಿಲ್‌ಗೆಲ್ಲ ಬಳಸುವಂಥದ್ದು. ಅಗ್ಗ. ಡ್ರಮ್ಮಿನ ಮೇಲಿನ ಚೀಟಿ ಬದಲಾಯಿಸಿದರೆ ಮುಗಿಯಿತು, ಕಣ್ಣಿಗೂ ಗೊತ್ತಾಗಲ್ಲ, ನಾಲಿಗೆಗೂ ಗೊತ್ತಾಗಲ್ಲ. ಜ್ವರ ಬಂದ ಮಗು ಸಿಹಿ ಔಷಧ ಅಂತ ಖುಷಿಯಿಂದ ಕುಡಿಯುತ್ತದೆ. ಒಂದೆರಡು ದಿನಕ್ಕೆ ಮೂತ್ರ ನಿಲ್ಲುತ್ತದೆ. ಕಿಡ್ನಿ ಹೋಗಿರುತ್ತದೆ. ಲ್ಯಾಬಿನಲ್ಲಿ ಒಂದು ಸಾಧಾರಣ ಪರೀಕ್ಷೆ ಮಾಡಿದ್ದರೆ ಎರಡನ್ನೂ ಬೇರೆ ಬೇರೆ ಗುರುತಿಸಬಹುದಿತ್ತು. ಯಾರೂ ಮಾಡಿರಲಿಲ್ಲ.

ಈ ಸಾವುಗಳ ನಂತರದ ವರ್ಷಗಳಲ್ಲಿ, 1993ರಲ್ಲಿ, ನೈಜೀರಿಯಾ ಸರ್ಕಾರ ಆಹಾರ ಮತ್ತು ಔಷಧ ನಿಯಂತ್ರಣಕ್ಕೆ ನಾಫ್‌ಡಾಕ್ ಅನ್ನೋ ಸಂಸ್ಥೆ ಮಾಡಿತು. ಕಾನೂನಿತ್ತು, ಕಚೇರಿ ಇತ್ತು, ಬೋರ್ಡ್ ಇತ್ತು. ಕೆಲಸ ಮಾತ್ರ ನಡೆಯುತ್ತಿರಲಿಲ್ಲ.

ಈಗ ಡೋರಾ ಅಲ್ಲಿಗೆ ಹೇಗೆ ಬಂದರು ನೋಡಿ. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಪೆಟ್ರೋಲಿಯಂ ಟ್ರಸ್ಟ್ ಫಂಡ್ ಅನ್ನೋ ಸರ್ಕಾರಿ ನಿಧಿಯಲ್ಲಿ ಆಗ್ನೇಯ ರಾಜ್ಯಗಳ ಉಸ್ತುವಾರಿ ನೋಡುತ್ತಿದ್ದರು. ಆರೋಗ್ಯ ಕೆಟ್ಟಿತು. ಲಂಡನ್ನಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಅಂತ ನಿಧಿಯವರು 17,000 ಪೌಂಡ್ ಕೊಟ್ಟರು. ಅಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಆಪರೇಷನ್ನೇ ಬೇಡ ಅಂದರು. ಆಪರೇಷನ್ನಿಗೆ ಅಂತ ಇಟ್ಟಿದ್ದ 12,000 ಪೌಂಡನ್ನು ಡೋರಾ ವಾಪಸ್ ಕಟ್ಟಿಸಿದರು. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅಧ್ಯಕ್ಷ ಒಬಸಾಂಜೊ ಕಿವಿಗೆ ಬಿತ್ತು. ನಾಫ್‌ಡಾಕ್‌ಗೆ ಯಾರನ್ನು ತರೋಣ ಅಂತ ಅವರು ಹುಡುಕುತ್ತಿದ್ದ ಕಾಲ ಅದು. 2001ರ ಏಪ್ರಿಲ್‌ನಲ್ಲಿ ನೇಮಕ ಆಯಿತು.

ಕೆಲವರು ತಕರಾರು ತೆಗೆದರು. ಔಷಧ ವ್ಯಾಪಾರದಲ್ಲಿ ಇಗ್ಬೋ ಜನವೇ ಜಾಸ್ತಿ, ಇಗ್ಬೋ ಹೆಂಗಸು ತನ್ನವರ ಮೇಲೆ ಕೈ ಮಾಡುತ್ತಾಳಾ ಅಂತ. ಮಾಡಿದರು. ಅದೂ ಮೊದಲು ತನ್ನವರ ಊರುಗಳಲ್ಲೇ.

ಆಗಿನ ಸ್ಥಿತಿ ಹೇಗಿತ್ತು ಅಂದರೆ, ಅವರು ಬಂದ ಹೊಸದರಲ್ಲಿ ದೊಡ್ಡ ಔಷಧ ಮಾರುಕಟ್ಟೆಗಳಲ್ಲಿ ಸಮೀಕ್ಷೆ ಮಾಡಿಸಿದರೆ ಮೂರರಲ್ಲಿ ಎರಡು ಔಷಧಗಳಿಗೆ ನೋಂದಣಿಯೇ ಇರಲಿಲ್ಲ. ಮಾರುಕಟ್ಟೆ ಅಂದರೆ ನಮ್ಮ ಮೆಡಿಕಲ್ ಶಾಪ್ ಥರ ಅಲ್ಲ. ಒನಿಚಾ, ಅಬಾ, ಕಾನೋ, ಲಾಗೋಸ್‌ನ ಇಡುಮೋಟಾ, ಎಲ್ಲ ಕಡೆ ಸಂತೆ. ಬಯಲಲ್ಲಿ ಬಿಸಿಲಿಗೆ ಇಟ್ಟ ಪೆಟ್ಟಿಗೆಗಳಲ್ಲಿ ಆಂಟಿಬಯೋಟಿಕ್, ಮಲೇರಿಯಾ ಮಾತ್ರೆ, ಇಂಜೆಕ್ಷನ್, ಎಲ್ಲವೂ ಸಗಟು. ಆಸ್ಪತ್ರೆಗಳೂ ಅಲ್ಲಿಂದಲೇ ಕೊಳ್ಳುತ್ತಿದ್ದವು.

ಡೋರಾ ಏನು ಮಾಡಿದರು? ಟಿವಿಯವರಿಗೆ ಇಷ್ಟವಾದದ್ದು ಬೆಂಕಿ. ಹಿಡಿದ ಮಾಲನ್ನು ಬಯಲಲ್ಲಿ ರಾಶಿ ಹಾಕಿ ಎಲ್ಲರ ಮುಂದೆ ಸುಡಿಸುತ್ತಿದ್ದರು. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ನನಗೆ ಅವರ ಬಗ್ಗೆ ಗೌರವ ಹುಟ್ಟಿಸಿದ್ದು ಬೆಂಕಿಯಲ್ಲ, ಕಾಗದದ ಕೆಲಸ.

ಮೊದಲು ಮಾಲು ಒಳಗೆ ಬರುವ ಬಾಗಿಲುಗಳನ್ನು ಕಮ್ಮಿ ಮಾಡಿಸಿದರು. ಔಷಧ ಬರಬೇಕಾದರೆ ಲಾಗೋಸ್‌ನ ಅಪಾಪಾ ಮತ್ತು ಕಲಬಾರ್ ಬಂದರು, ವಿಮಾನದಲ್ಲಿ ಆದರೆ ಲಾಗೋಸ್ ಮತ್ತು ಕಾನೋ, ಈ ನಾಲ್ಕೇ ಕಡೆ. ಬೇರೆಲ್ಲೇ ಇಳಿದರೂ ಅದು ಕಳ್ಳಮಾಲು. ಆಮೇಲೆ ಬ್ಯಾಂಕುಗಳನ್ನು ಹಿಡಿದರು. ಆಮದುದಾರ ಹೊರದೇಶಕ್ಕೆ ದುಡ್ಡು ಕಳಿಸಬೇಕಾದರೆ ಬ್ಯಾಂಕಿನಲ್ಲಿ ಒಂದು ಫಾರಂ ತುಂಬಬೇಕು. ನಾಫ್‌ಡಾಕ್ ಒಪ್ಪಿಗೆ ಇಲ್ಲದೆ ಔಷಧದ ಫಾರಂ ಮುಂದಕ್ಕೆ ಹೋಗದ ಹಾಗೆ ಮಾಡಿದರು. ಹಡಗು ಹೊರಡುವ ಮುಂಚೆಯೇ ಗಂಟಲು ಹಿಡಿದಂತಾಯಿತು. ಭಾರತ, ಚೀನಾ, ಈಜಿಪ್ಟ್‌ಗಳಲ್ಲಿ ತಮ್ಮ ಕಡೆಯ ಪರೀಕ್ಷಕರನ್ನು ನೇಮಿಸಿ, ಅಲ್ಲೇ ಪರೀಕ್ಷೆ ಪಾಸಾದ ಮಾಲು ಮಾತ್ರ ಹಡಗು ಹತ್ತಬೇಕು ಅಂದರು. ಯಾವುದೇ ಔಷಧ ನೋಂದಣಿ ಆಗಬೇಕಾದರೆ ಅದು ಎಲ್ಲಿ ತಯಾರಾಗುತ್ತದೋ ಆ ಕಾರ್ಖಾನೆಯನ್ನು ತಮ್ಮವರು ನೋಡಿ ಬರಬೇಕು ಅಂದರು.

ಭಾರತದ ಹೆಸರು ಬಂತು. ಅದನ್ನು ಮುಚ್ಚಿಡುವುದೇನಿಲ್ಲ. ಆಗ ನೈಜೀರಿಯಾಕ್ಕೆ ಬರುತ್ತಿದ್ದ ನಕಲಿ ಮಾಲಿನ ದೊಡ್ಡ ಪಾಲು ಭಾರತ ಮತ್ತು ಚೀನಾದಿಂದ ಅಂತ ಡೋರಾ ಎಲ್ಲ ವೇದಿಕೆಗಳಲ್ಲೂ ಹೇಳಿದರು. ಎರಡೂ ದೇಶಗಳ ಹಲವು ಕಂಪನಿಗಳ ಮಾಲಿಗೆ ನಿಷೇಧ ಹಾಕಿದರು. ಅಲ್ಲಿನ ಆಮದುದಾರನೇ ಇಲ್ಲಿಗೆ ಬಂದು, ಮಾತ್ರೆಯಲ್ಲಿ ಔಷಧ ಇಷ್ಟು ಕಮ್ಮಿ ಹಾಕು ಅಂತ ಆರ್ಡರ್ ಕೊಡುವುದೂ, ಹಾಗೇ ಮಾಡಿಕೊಡುವವರು ಸಿಗುವುದೂ ಇತ್ತು. ಎರಡು ಕೈ ಸೇರಿದರೇ ಚಪ್ಪಾಳೆ ಅಲ್ವಾ?

ಮೂರನೆಯದು ಜನರ ಕಣ್ಣು. ಪ್ರತಿ ಪೊಟ್ಟಣದ ಮೇಲೂ ನಾಫ್‌ಡಾಕ್ ನಂಬರ್ ಇರಬೇಕು. ಔಷಧಕ್ಕೆ ಮಾತ್ರ ಅಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ನೀರಿನ ಪಾಕೀಟಿಗೂ. ಅಸಲಿ ಯಾವುದು, ನಕಲಿ ಯಾವುದು ಅಂತ ಪೇಪರಿನಲ್ಲಿ ಪಟ್ಟಿ ಹಾಕಿಸಿದರು. ರೇಡಿಯೋದಲ್ಲಿ ಹಾಡು, ಶಾಲೆಗಳಲ್ಲಿ ಕ್ಲಬ್ಬು. ಕೊಳ್ಳುವ ಮುಂಚೆ ನಂಬರ್ ಹುಡುಕುವುದು ಜನರಿಗೆ ರೂಢಿಯಾಗಿಹೋಯಿತು. ಬ್ರೆಡ್ ಉಬ್ಬಲಿ ಅಂತ ಬೇಕರಿಯವರು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಮೇಲೂ ಬಿದ್ದರು, ಬೇಕರಿಗಳಿಗೆ ಬೀಗ ಹಾಕಿಸಿದರು. ಅದು ಕ್ಯಾನ್ಸರ್ ತರಬಹುದು ಅನ್ನೋ ಅನುಮಾನದ ವಸ್ತು. ನಮ್ಮಲ್ಲಿ ಅದನ್ನು ನಿಷೇಧಿಸಿದ್ದು 2016ರಲ್ಲಿ, ಸುಮ್ನೆ ಹೇಳಿದೆ.

ಸಂಸ್ಥೆಯ ಒಳಗೂ ಗುಡಿಸಿದರು. ಲಂಚಕ್ಕೆ ಒಗ್ಗಿಹೋದವರನ್ನು ತೆಗೆದು ಹೊಸಬರನ್ನು ತಂದರು. ಇನ್‌ಸ್ಪೆಕ್ಟರುಗಳಲ್ಲಿ ಹೆಂಗಸರನ್ನು ಹೆಚ್ಚಾಗಿ ಸೇರಿಸಿಕೊಂಡರು.

ವ್ಯಾಪಾರಿಗಳು ಸುಮ್ಮನೆ ಕೂರುತ್ತಾರಾ? ಮೊದಲು ದುಡ್ಡಿನ ಆಸೆ ತೋರಿಸಿದರು. ಆಮೇಲೆ ಬೆದರಿಕೆ. 2003ರ ಡಿಸೆಂಬರ್ 26, ಕ್ರಿಸ್‌ಮಸ್ ಮಾರನೇ ದಿನ. ಡೋರಾ ಅನಂಬ್ರಾದಲ್ಲಿ ಊರಿನ ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದರು. ಹಿಂದಿನಿಂದ ಗುಂಡು ಹಾರಿತು. ಹಿಂಭಾಗದ ಗಾಜು ಪುಡಿಯಾಯಿತು. ಅಲ್ಲಿನ ಹೆಂಗಸರು ತಲೆಗೆ ಬಟ್ಟೆ ಸುತ್ತಿ ಎತ್ತರಕ್ಕೆ ಕಟ್ಟಿಕೊಳ್ಳುತ್ತಾರೆ, ನೀವು ಫೋಟೋಗಳಲ್ಲಿ ನೋಡಿರುತ್ತೀರಿ. ಗುಂಡು ಆ ಬಟ್ಟೆಯನ್ನು ತೂರಿ, ನೆತ್ತಿಯನ್ನು ಸವರಿಕೊಂಡು ಹೋಯಿತು. ಅವರು ಉಳಿದರು. ಪಕ್ಕದಲ್ಲಿ ಬರುತ್ತಿದ್ದ ಬಸ್ಸಿನ ಡ್ರೈವರ್ ಸತ್ತ. ಮುಂದಿನ ವರ್ಷ ಲಾಗೋಸ್‌ನ ನಾಫ್‌ಡಾಕ್ ಕಚೇರಿಗೂ ಕಡುನಾದ ಲ್ಯಾಬಿಗೂ ಬೆಂಕಿ ಬಿತ್ತು.

ಕೆಲಸ ನಿಲ್ಲಲಿಲ್ಲ. 2007ರ ಮಾರ್ಚಿನಲ್ಲಿ ಒನಿಚಾ ಸೇತುವೆ ಪಕ್ಕದ ಔಷಧ ಮಾರುಕಟ್ಟೆಯನ್ನೇ ಮೂರು ತಿಂಗಳು ಮುಚ್ಚಿಸಿದರು. ಪೊಲೀಸರು, ಸೈನಿಕರು, ಲಾರಿಗಟ್ಟಲೆ ಮಾಲು. ಒನಿಚಾ ಅಂದರೆ ಅವರ ಸ್ವಂತ ರಾಜ್ಯದ ದೊಡ್ಡ ಪೇಟೆ.

ಫಲ ಏನು? ನಾಫ್‌ಡಾಕ್ ಲೆಕ್ಕದಲ್ಲಿ 2001ರಲ್ಲಿ ನಕಲಿ ಔಷಧದ ಪ್ರಮಾಣ ಶೇಕಡಾ 41. 2006ರಲ್ಲಿ 16.7. ಪರೀಕ್ಷೆ ಬರೆದವರೇ ಅಂಕ ಕೊಟ್ಟುಕೊಂಡ ಲೆಕ್ಕ ಅಂತ ನೀವು ಅನ್ನಬಹುದು. ಒಪ್ಪುತ್ತೇನೆ, ದಶಮಾಂಶವನ್ನು ನಾನೂ ಅಷ್ಟಾಗಿ ನಂಬುವುದಿಲ್ಲ. ಆದರೆ ಇಳಿದದ್ದಂತೂ ನಿಜ.

ಈಗ ಕಹಿ ಭಾಗ. 2008ರ ಕೊನೆಯಲ್ಲಿ, ಡೋರಾ ಇನ್ನೂ ಅದೇ ಕುರ್ಚಿಯಲ್ಲಿದ್ದಾಗ, ಮತ್ತೆ ಮಕ್ಕಳು ಸಾಯತೊಡಗಿದರು. ಹಲ್ಲು ಬರುವಾಗಿನ ನೋವಿಗೆ ಕೊಡುವ ಸಿರಪ್. ಹೆಸರು ಮೈ ಪಿಕಿನ್, ಅಲ್ಲಿನ ಆಡುಮಾತಿನಲ್ಲಿ ನನ್ನ ಮಗು ಅಂತ. ಹೊರದೇಶದ್ದಲ್ಲ, ಕಳ್ಳಮಾಲಲ್ಲ. ಲಾಗೋಸ್‌ನಲ್ಲೇ ಲೈಸೆನ್ಸ್ ಇರುವ ಕಂಪನಿ ಮಾಡಿದ್ದು. ಒಳಗೆ ಅದೇ ಡೈಎಥಿಲೀನ್ ಗ್ಲೈಕಾಲ್. ಕಂಪನಿಯವರು ಪ್ರೊಪಿಲೀನ್ ಗ್ಲೈಕಾಲ್ ಅಂತ ಲೈಸೆನ್ಸ್ ಇಲ್ಲದ ವ್ಯಾಪಾರಿಯಿಂದ ಕೊಂಡಿದ್ದರು. 84 ಮಕ್ಕಳು ಸತ್ತರು. ಮಾಲನ್ನು ಹಿಂದಕ್ಕೆ ತರಿಸಿದರು, ಕಾರ್ಖಾನೆ ಮುಚ್ಚಿಸಿದರು. 2013ರಲ್ಲಿ ಕೋರ್ಟು ಕಂಪನಿಯ ಇಬ್ಬರಿಗೆ ಏಳು ವರ್ಷ ಶಿಕ್ಷೆ ಕೊಟ್ಟಿತು.

ಡೋರಾ ಅವರನ್ನು ಹೊಗಳುವ ಬರಹಗಳು ಇದನ್ನು ಬಿಟ್ಟೇ ಬಿಡುತ್ತವೆ. ಬಿಡಬಾರದು. ಬಂದರು, ಬ್ಯಾಂಕು, ಸಂತೆ, ಪೊಟ್ಟಣದ ಮೇಲಿನ ನಂಬರ್, ಎಲ್ಲ ಕಡೆ ಕಾವಲು ಹಾಕಿದ್ದರು. ಊರೊಳಗೆ ಕೈ ಬದಲಾಗುವ ಕೆಮಿಕಲ್ ಡ್ರಮ್ಮಿನ ಕಡೆ ಆ ಕಾವಲು ಸಾಲಲಿಲ್ಲ. 1990ರಲ್ಲಿ ಮಕ್ಕಳನ್ನು ಕೊಂದ ದಾರಿಯೇ ಹದಿನೆಂಟು ವರ್ಷ ಆದ ಮೇಲೂ ತೆರೆದಿತ್ತು. ಹಾಗಂತ ನಾವು ಬೀಗುವ ಹಾಗೂ ಇಲ್ಲ. 2022ರಲ್ಲಿ ಗ್ಯಾಂಬಿಯಾದಲ್ಲಿ ಎಪ್ಪತ್ತರಷ್ಟು ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟದ್ದು ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳ ಬಗ್ಗೆ. ವಸ್ತು ಅದೇ.

2008ರ ಡಿಸೆಂಬರ್ 17ರಂದು ಡೋರಾ ಮಂತ್ರಿಯಾದರು. ಆರೋಗ್ಯ ಖಾತೆ ಕೊಟ್ಟಿರಬೇಕು ಅಂದುಕೊಳ್ಳುತ್ತೀರಿ. ಇಲ್ಲ, ವಾರ್ತೆ ಮತ್ತು ಸಂಪರ್ಕ. ಔಷಧದಲ್ಲಿ ಏನಿದೆ ಅಂತ ತೆರೆದು ತೋರಿಸುತ್ತಿದ್ದವರಿಗೆ ಸರ್ಕಾರದ ಲೇಬಲ್ ಅಂಟಿಸುವ ಕೆಲಸ.

2009ರ ಮಾರ್ಚಿನಲ್ಲಿ ದೇಶದ ಹೆಸರನ್ನು ಸರಿಪಡಿಸುವ ಅಭಿಯಾನ ಶುರು ಮಾಡಿದರು. ಒಳ್ಳೆಯ ಜನ, ದೊಡ್ಡ ದೇಶ ಅನ್ನೋ ಅರ್ಥದ ಘೋಷಣೆ, ಲೋಗೋ. ಜನ ನಕ್ಕರು. ಕರೆಂಟಿಲ್ಲ, ರಸ್ತೆ ಇಲ್ಲ, ಘೋಷಣೆ ಯಾಕೆ ಅಂದರು. ನೈಜೀರಿಯನ್ನರನ್ನು ಕೆಟ್ಟದಾಗಿ ತೋರಿಸಿದೆ ಅಂತ ಒಂದು ಸಿನಿಮಾ ನಿಲ್ಲಿಸಲು ಥಿಯೇಟರುಗಳಿಗೆ ಹೇಳಿದ್ದೂ ಆಯಿತು. ಈ ವರ್ಷದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಲು ನನಗೆ ಮನಸ್ಸಿಲ್ಲ.

ಆಮೇಲೆ ಬಂತು ಆ ಬುಧವಾರ. ಅಧ್ಯಕ್ಷ ಉಮರು ಯಾರ್‌ಅದುವಾ 2009ರ ನವೆಂಬರ್ 23ರಂದು ಚಿಕಿತ್ಸೆಗೆ ಸೌದಿಗೆ ಹೋದರು. ಅಧಿಕಾರವನ್ನು ಉಪಾಧ್ಯಕ್ಷ ಗುಡ್‌ಲಕ್ ಜೊನಾಥನ್ ಕೈಗೆ ಕೊಟ್ಟು ಹೋಗಲಿಲ್ಲ. ವಾರಗಳು ಕಳೆದವು. ಅಧ್ಯಕ್ಷರು ಕಾಣಿಸುವುದಿಲ್ಲ, ಬಿಬಿಸಿಯಲ್ಲಿ ಕೆಲವು ನಿಮಿಷ ದನಿ ಕೇಳಿಸಿತು, ಅಷ್ಟೇ. ಸುತ್ತಲಿನವರು ಎಲ್ಲ ಸರಿಯಿದೆ ಅನ್ನುತ್ತಲೇ ಇದ್ದರು. ಜನವರಿ ಕೊನೆಯಲ್ಲಿ ಇಡೀ ಸಂಪುಟ ಕೂತು, ಅಧ್ಯಕ್ಷರು ಅಸಮರ್ಥರಾಗಿಲ್ಲ ಅಂತ ನಿರ್ಣಯ ಮಾಡಿತು. ಡೋರಾ ಅದೇ ಸಂಪುಟದ ಮಂತ್ರಿ. ಸರ್ಕಾರದ ಮಾತನ್ನು ಜನರಿಗೆ ಹೇಳುವುದೇ ಅವರ ಖಾತೆ.

ಒಂದು ವಾರ ಕಳೆಯಿತು. 2010ರ ಫೆಬ್ರವರಿ 3. ಸಂಪುಟ ಸಭೆಗೆ ಡೋರಾ ಒಂದು ಟಿಪ್ಪಣಿ ತಂದರು. ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾಗಬೇಕು, ಅದಕ್ಕೆ ಸಂಪುಟ ಮುಂದಾಗಬೇಕು ಅಂತ. ಸಭೆಯಲ್ಲಿ ಗಲಾಟೆ. ಸಹೋದ್ಯೋಗಿಗಳು ರೇಗಿದರು. ಟಿಪ್ಪಣಿಗೆ ಒಪ್ಪಿಗೆ ಸಿಗಲಿಲ್ಲ. ಆದರೆ ಒಳಗಿನವರೇ ಬಾಯಿಬಿಟ್ಟಿದ್ದಾರೆ ಅನ್ನೋದು ಅಷ್ಟರಲ್ಲಿ ದೇಶಕ್ಕೆಲ್ಲ ಗೊತ್ತಾಗಿತ್ತು. ಆರು ದಿನಕ್ಕೆ, ಫೆಬ್ರವರಿ 9ರಂದು, ಸಂಸತ್ತು ಜೊನಾಥನ್ ಅವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಮಾಡಿತು. ಅಧ್ಯಕ್ಷರಿಂದ ಪತ್ರ ಬರಬೇಕು ಅನ್ನುತ್ತದೆ ಸಂವಿಧಾನ. ಪತ್ರ ಎಲ್ಲಿದೆ? ಆ ಬಿಬಿಸಿ ಸಂದರ್ಶನವನ್ನೇ ಪತ್ರ ಅಂದುಕೊಳ್ಳೋಣ ಅಂದಿತು ಸಂಸತ್ತಿನ ಮೇಲ್ಮನೆಯಾದ ಸೆನೆಟ್! ಯಾರ್‌ಅದುವಾ ಮೇ 5ರಂದು ತೀರಿಕೊಂಡರು.

ಜೊನಾಥನ್ ಅಧಿಕಾರಕ್ಕೆ ಬಂದದ್ದು ಡೋರಾ ಒಬ್ಬರಿಂದಲೇ ಅಂತ ನಾನು ಹೇಳುವುದಿಲ್ಲ. ಬೀದಿಯಲ್ಲಿ ಮೆರವಣಿಗೆ ಇತ್ತು, ಕೋರ್ಟಿನಲ್ಲಿ ಕೇಸು ಇತ್ತು. ಆದರೆ ಆ ಮೇಜಿನ ಸುತ್ತ ಕೂತವರಲ್ಲಿ ಲೇಬಲ್ ಒಂದು, ಒಳಗಿರುವುದು ಇನ್ನೊಂದು ಅಂತ ಬರೆದುಕೊಟ್ಟವರು ಅವರು. ನಾಫ್‌ಡಾಕ್‌ನಲ್ಲಿ ಮಾಡುತ್ತಿದ್ದ ಕೆಲಸವೇ ಅದು.

ಮುಂದಿನದು ಬೇಗ ಮುಗಿಯುತ್ತದೆ. 2010ರ ಡಿಸೆಂಬರ್‌ನಲ್ಲಿ ಮಂತ್ರಿ ಪದವಿ ಬಿಟ್ಟು ಸೆನೆಟ್‌ಗೆ ನಿಂತರು. 2011ರಲ್ಲಿ ಕೆಲವೇ ನೂರು ಮತಗಳಿಂದ ಕ್ರಿಸ್ ಎನ್‌ಗಿಗೆ ಎದುರು ಸೋತರು. 2014ರ ರಾಷ್ಟ್ರೀಯ ಸಮ್ಮೇಳನಕ್ಕೆ ಬಂದಾಗ ಗುರುತೇ ಸಿಗದಷ್ಟು ಸೊರಗಿದ್ದರು. ಕ್ಯಾನ್ಸರ್. ಆ ವರ್ಷ ಜೂನ್ 7ರಂದು ಭಾರತದ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಐವತ್ತೊಂಬತ್ತು ವರ್ಷ. ಯಾವ ದೇಶದ ಕಂಪನಿಗಳಿಗೆ ಬಾಗಿಲು ಹಾಕಿದ್ದರೋ ಆ ದೇಶದ ಡಾಕ್ಟರುಗಳನ್ನು ನಂಬಿ ಬಂದಿದ್ದರು. ಇದರಲ್ಲಿ ವಿರೋಧ ಏನೂ ಇಲ್ಲ. ಅವರ ಜಗಳ ಕೆಟ್ಟ ಮಾಲಿನ ಜೊತೆ, ದೇಶದ ಜೊತೆ ಅಲ್ಲ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಅವರ ಮನೆಯವರು ಏನಾದರು ಅಂತ ಒಬ್ಬರು ಕೇಳಿದರು. ಮಗಳು ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಇವತ್ತು ಜಗತ್ತಿನ ಹೆಸರಾಂತ ಚಿತ್ರಕಲಾವಿದರಲ್ಲಿ ಒಬ್ಬರು, ಅಮೆರಿಕದಲ್ಲಿದ್ದಾರೆ. ಗಂಡನ ಕತೆ ದುಃಖದ್ದು. 2021ರ ಸೆಪ್ಟೆಂಬರ್ 28ರಂದು ಡೋರಾ ನೆನಪಿನ ಕಾರ್ಯಕ್ರಮವೊಂದನ್ನು ಮುಗಿಸಿ ವಾಪಸ್ ಬರುತ್ತಿದ್ದಾಗ ಅನಂಬ್ರಾದಲ್ಲಿ ಬಂದೂಕುಧಾರಿಗಳು ಅವರನ್ನು ಕೊಂದರು. ಔಷಧ ಮಾಫಿಯಾದ ಕೆಲಸವಾ ಅಂತ ಕೇಳಿದಿರಿ. ಆಗ ಆ ಭಾಗದಲ್ಲಿ ಬೇರೆಯದೇ ಹಿಂಸೆ ನಡೆಯುತ್ತಿತ್ತು, ಎರಡನ್ನೂ ಗಂಟು ಹಾಕಬೇಡಿ.

ಭಾರತದ ಮೇಲೆ ಸುಳ್ಳು ಆರೋಪವೂ ಇರಬಹುದಲ್ವಾ ಅಂತ ಇನ್ನೊಬ್ಬರು. ಇರಬಹುದು, ಇತ್ತು ಕೂಡ. ಡೋರಾ ನಾಫ್‌ಡಾಕ್ ಬಿಟ್ಟ ಮೇಲೆ, 2009ರ ಜೂನ್‌ನಲ್ಲಿ, ಅದೇ ಸಂಸ್ಥೆ ಮೇಡ್ ಇನ್ ಇಂಡಿಯಾ ಅಂತ ಅಚ್ಚಾಗಿದ್ದ ನಕಲಿ ಮಲೇರಿಯಾ ಮಾತ್ರೆಗಳ ದೊಡ್ಡ ಮಾಲು ಹಿಡಿಯಿತು. ನೋಡಿದರೆ ಬಂದದ್ದು ಚೀನಾದಿಂದ. ಭಾರತ ಚೀನಾಕ್ಕೆ ಪ್ರತಿಭಟನೆ ಸಲ್ಲಿಸಿತು. ಮಾಲು ಎಲ್ಲಿಂದ ಬಂತು ಅಂತ ಪತ್ತೆ ಹಚ್ಚುವ ಸಂಸ್ಥೆ ಅಲ್ಲಿ ಇದ್ದದ್ದರಿಂದಲೇ ನಮ್ಮ ಹೆಸರು ಉಳಿಯಿತು ಅನ್ನೋದನ್ನು ಗಮನಿಸಿ.

ಈಗ ಅಲ್ಲಿ ನಕಲಿ ಔಷಧ ನಿಂತಿದೆಯಾ ಅಂತ ಕೊನೆಯ ಪ್ರಶ್ನೆ. ಇಲ್ಲ. 2010ರಿಂದ ಪೊಟ್ಟಣದ ಮೇಲೆ ಉಜ್ಜಿ ನೋಡುವ ಕೋಡ್ ಬಂತು, ಎಸ್‌ಎಂಎಸ್ ಮಾಡಿದರೆ ಅಸಲಿಯೋ ನಕಲಿಯೋ ಅಂತ ಉತ್ತರ ಬರುತ್ತದೆ. ಆದರೂ 2025ರ ಫೆಬ್ರವರಿಯಲ್ಲಿ ನಾಫ್‌ಡಾಕ್ ಮತ್ತೆ ಸೈನಿಕರನ್ನು ಕರೆದುಕೊಂಡು ಹೋಗಿ ಮಾರುಕಟ್ಟೆಗಳಿಗೆ ಬೀಗ ಹಾಕಬೇಕಾಯಿತು. ಒನಿಚಾ, ಅಬಾ, ಇಡುಮೋಟಾ. ಹಾಕಿಸಿದವರು ಆಗಿನ ಮುಖ್ಯಸ್ಥೆ ಮೋಜಿಸೋಲಾ ಅಡೆಯೆಯೆ. ಅವರೂ ಫಾರ್ಮಸಿ ಪ್ರೊಫೆಸರ್.